ಕೋಶದ ಗುಜರಿಯಲ್ಲಿ ವೈರಸ್ಸಿನ ವಹಿವಾಟು

ಸಾಧಾರಣ ಮೈಕಟ್ಟಿನ ವಯಸ್ಕ ಮನುಷ್ಯನೊಬ್ಬ ದಿನಕ್ಕೆ ಸುಮಾರು 70 ಗ್ರಾಂ ಪ್ರೋಟೀನನ್ನು ಊಟದಿಂದ ಪಡೆಯುತ್ತಾನೆ. ಬೇಳೆ, ಕಾಳು, ಹಾಲು, ಮೊಟ್ಟೆ, ಮೀನು ಎಲ್ಲ ಸೇರಿದ ಲೆಕ್ಕ ಇದು. ಆದರೆ ಅವನ ದೇಹ ಅದೇ ದಿನ ಹೊಸದಾಗಿ ಕಟ್ಟಿಕೊಳ್ಳಬೇಕಾದ ಪ್ರೋಟೀನು 200ರಿಂದ 300 ಗ್ರಾಂ. ಆದಾಯ ಎಪ್ಪತ್ತು, ಖರ್ಚು ಮುನ್ನೂರು! ಯಾವ ಸಂಸಾರವೂ ಹೀಗೆ ಹೆಚ್ಚು ದಿನ ನಡೆಯಲಾರದು. ದೇಹದ ಸಂಸಾರ ಮಾತ್ರ ವರ್ಷಾನುಗಟ್ಟಲೆ ನಡೆಯುತ್ತದೆ. ಅದರ ಗುಟ್ಟು ಸರಳವಾದದ್ದು: ದೇಹ ಹಳೆಯದನ್ನು ಬೀದಿಗೆ ಎಸೆಯುವುದಿಲ್ಲ. ಸವೆದ, ಮುರಿದ, ಸೊಟ್ಟಗಾದ ಪ್ರೋಟೀನುಗಳನ್ನು ಒಡೆದು, ಅವುಗಳ ಇಟ್ಟಿಗೆಗಳಾದ ಅಮೈನೊ ಆಮ್ಲಗಳನ್ನು ಬಿಡಿಸಿಕೊಂಡು, ಅದೇ ಇಟ್ಟಿಗೆಗಳಿಂದ ಮತ್ತೆ ಗೋಡೆ ಎಬ್ಬಿಸುತ್ತದೆ. ಕಸದಿಂದ ರಸ ತೆಗೆಯುವ ಕಲೆಯನ್ನು ಮನುಷ್ಯ ಕಲಿಯುವ ಮೊದಲೇ ಅವನ ಮೈಯ ಪ್ರತಿಯೊಂದು ಜೀವಕೋಶವೂ ಕಲಿತಿತ್ತು.

ಜೀವಕೋಶದಲ್ಲಿ ಈ ಗುಜರಿ ವ್ಯಾಪಾರ ಎರಡು ಬಗೆಯಲ್ಲಿ ನಡೆಯುತ್ತದೆ. ಬಿಡಿಬಿಡಿ ಪ್ರೋಟೀನುಗಳನ್ನು ಒಂದೊಂದಾಗಿ ಕತ್ತರಿಸಿ ಹಾಕುವ ಪುಟ್ಟ ಯಂತ್ರಗಳಿವೆ. ಅವಕ್ಕೆ ಪ್ರೋಟಿಯಾಸೋಮ್ ಎಂದು ಹೆಸರು. ಅದು ಚಿಲ್ಲರೆ ವ್ಯಾಪಾರ. ಹಾಳಾದ ಪೊರೆಗಳು, ಕೆಟ್ಟುನಿಂತ ಮೈಟೊಕಾಂಡ್ರಿಯಗಳು, ಪ್ರೋಟೀನಿನ ದೊಡ್ಡ ಗಂಟುಗಳು, ಕೊಬ್ಬಿನ ಹನಿಗಳು ಇಂಥವನ್ನೆಲ್ಲ ಚೀಲಕ್ಕೆ ತುಂಬಿ ಒಟ್ಟಿಗೇ ಕರಗಿಸುವುದು ಇನ್ನೊಂದು ಬಗೆ. ಇದು ಸಗಟು ವ್ಯಾಪಾರ. ವಿಜ್ಞಾನಿಗಳು ಇದನ್ನು ಆಟೊಫೇಜಿ ಎನ್ನುತ್ತಾರೆ. ತನ್ನನ್ನು ತಾನೇ ತಿನ್ನುವುದು ಎಂಬುದು ಆ ಗ್ರೀಕ್ ಪದದ ಅರ್ಥ. ಕನ್ನಡದಲ್ಲಿ ಸ್ವಭಕ್ಷಣೆ ಎನ್ನಬಹುದು.

ಇಂಥ ಕೋಶದೊಳಕ್ಕೆ ವೈರಸ್ಸೊಂದು ನುಗ್ಗಿತೆನ್ನಿ. ಅದಕ್ಕೆ ಸ್ವಂತ ಅಡಿಗೆಮನೆಯಿಲ್ಲ, ಸ್ವಂತ ಕಾರ್ಖಾನೆಯಿಲ್ಲ. ಪ್ರೋಟೀನಿನ ಹೊದಿಕೆಯಲ್ಲಿ ಸುತ್ತಿಟ್ಟ ವಂಶವಾಹಿಗಳ ಒಂದು ಪೊಟ್ಟಣ, ಅಷ್ಟೇ. ಕೋಶದ ದೃಷ್ಟಿಯಲ್ಲಿ ಅದೂ ಒಂದು ಕಸವೇ ಆಗಬೇಕಲ್ಲವೆ? ಅದನ್ನೂ ಚೀಲಕ್ಕೆ ತುಂಬಿ ಕರಗಿಸಿಬಿಟ್ಟರೆ ರೋಗವೇ ಇಲ್ಲ. ಕೆಲವು ಸಲ ಹಾಗೆಯೇ ಆಗುತ್ತದೆ. ಆದರೆ ಕಳೆದ ಎರಡೂವರೆ ದಶಕಗಳ ಸಂಶೋಧನೆ ತೋರಿಸಿಕೊಟ್ಟಿರುವ ಚಿತ್ರ ಇಷ್ಟು ಸರಳವಾಗಿಲ್ಲ. ಕೆಲವು ವೈರಸ್ಸುಗಳು ಗುಜರಿಯವನ ಕೈಗೇ ಬೇಡಿ ಹಾಕುತ್ತವೆ. ಕೆಲವು ಅವನ ಚೀಲವನ್ನೇ ಮನೆ ಮಾಡಿಕೊಳ್ಳುತ್ತವೆ. ಇನ್ನು ಕೆಲವು ಅವನ ಗಾಡಿ ಹತ್ತಿ ಊರು ಬಿಟ್ಟು ಹೋಗುತ್ತವೆ. ಒಂದೇ ವೈರಸ್ಸು ಒಂದು ಹಂತದಲ್ಲಿ ಈ ವ್ಯಾಪಾರಕ್ಕೆ ಕುಮ್ಮಕ್ಕು ಕೊಟ್ಟು ಇನ್ನೊಂದು ಹಂತದಲ್ಲಿ ಅಡ್ಡಗಾಲು ಹಾಕುವುದೂ ಉಂಟು. ಸ್ವಭಕ್ಷಣೆಯನ್ನು ಹೆಚ್ಚಿಸುವ ಅಥವಾ ತಡೆಯುವ ಔಷಧ ಕೊಡಹೊರಟವರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಫ್ರಿಜ್ಜಿನಲ್ಲಿ ಸಿಕ್ಕ ಸುಳಿವು

ಈ ಗುಜರಿ ಅಂಗಡಿ ಮೊದಲು ಕಣ್ಣಿಗೆ ಬಿದ್ದದ್ದು ಆಕಸ್ಮಿಕವಾಗಿ. ಬೆಲ್ಜಿಯಂ ದೇಶದ ಲೂವೆನ್ ವಿಶ್ವವಿದ್ಯಾಲಯದಲ್ಲಿ ಕ್ರಿಶ್ಚಿಯನ್ ಡಿ ಡೂವ್ ಎಂಬ ವಿಜ್ಞಾನಿ 1949ರಲ್ಲಿ ಇನ್ಸುಲಿನ್ನಿನ ಕೆಲಸವನ್ನು ಅರಿಯುವುದಕ್ಕಾಗಿ ಇಲಿಯ ಯಕೃತ್ತನ್ನು ಅರೆದು ಪರೀಕ್ಷಿಸುತ್ತಿದ್ದರು. ಆಮ್ಲೀಯ ಫಾಸ್ಫಟೇಸ್ ಎಂಬ ಕಿಣ್ವ ಅದರಲ್ಲಿ ಇರಬೇಕಾದ ಪ್ರಮಾಣದ ಹತ್ತನೆಯ ಒಂದು ಭಾಗದಷ್ಟೇ ಕೆಲಸ ಮಾಡುತ್ತಿತ್ತು. ಅರೆದ ಯಕೃತ್ತನ್ನು ಫ್ರಿಜ್ಜಿನಲ್ಲಿಟ್ಟು ಐದು ದಿನಗಳ ಬಳಿಕ ಮತ್ತೆ ಅಳೆದಾಗ ಆಶ್ಚರ್ಯ ಕಾದಿತ್ತು. ಕಾಣೆಯಾಗಿದ್ದ ಕಿಣ್ವ ಪೂರ್ತಿ ಪ್ರಮಾಣದಲ್ಲಿ ಹಾಜರಾಗಿತ್ತು! ಅದುವರೆಗೆ ಕಿಣ್ವವು ಪೊರೆಯ ಪುಟ್ಟ ಚೀಲಗಳಲ್ಲಿ ಬಂದಿಯಾಗಿತ್ತು. ದಿನ ಕಳೆದಂತೆ ಚೀಲ ಸೋರಿ ಹೊರಗೆ ಬಂದಿತ್ತು. ಈ ಚೀಲಗಳಿಗೆ ಡಿ ಡೂವ್ 1955ರಲ್ಲಿ ಲೈಸೋಸೋಮ್ ಎಂದು ನಾಮಕರಣ ಮಾಡಿದರು.

ಲೈಸೋಸೋಮನ್ನು ಆಮ್ಲದ ಕೊಪ್ಪರಿಗೆ ಎನ್ನಬಹುದು. ಕೋಶದ ಉಳಿದ ರಸಕ್ಕಿಂತ ಅದರ ಒಳಗು ನೂರಾರು ಪಟ್ಟು ಹೆಚ್ಚು ಆಮ್ಲೀಯ. ಪ್ರೋಟೀನು, ಕೊಬ್ಬು, ಸಕ್ಕರೆ, ನ್ಯೂಕ್ಲಿಯಿಕ್ ಆಮ್ಲಗಳನ್ನು ಚೂರುಮಾಡಬಲ್ಲ ಸುಮಾರು 60 ಬಗೆಯ ಕಿಣ್ವಗಳು ಅದರಲ್ಲಿವೆ. ಈ ಕಿಣ್ವಗಳಿಗೆ ಆಮ್ಲದ ವಾತಾವರಣ ಬೇಕೇ ಬೇಕು. ಕೊಪ್ಪರಿಗೆ ಸ್ವಲ್ಪ ಸೋರಿದರೂ ಕೋಶಕ್ಕೆ ಅಪಾಯವಾಗದಂತೆ ನಿಸರ್ಗ ಮಾಡಿಟ್ಟ ಏರ್ಪಾಡು ಇದು. ಆಮ್ಲ ಇಳಿದರೆ ಕೊಪ್ಪರಿಗೆಯ ಕೆಲಸವೇ ನಿಲ್ಲುತ್ತದೆ ಎಂಬ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೆ ಮತ್ತೆ ಬರಲಿದೆ.

ಕೋಶ ತನ್ನದೇ ಭಾಗಗಳನ್ನು ಕೊಪ್ಪರಿಗೆಗೆ ಸಾಗಿಸುವ ಈ ಕ್ರಿಯೆಗೆ ಆಟೊಫೇಜಿ ಎಂಬ ಹೆಸರನ್ನು ಡಿ ಡೂವ್ ಅವರೇ 1963ರಲ್ಲಿ ಲಂಡನ್ನಿನ ವಿಚಾರಗೋಷ್ಠಿಯೊಂದರಲ್ಲಿ ಕೊಟ್ಟರು. ಅದು ನಡೆಯುವ ರೀತಿ ಹೀಗಿದೆ. ಮೊದಲು ಕೋಶರಸದಲ್ಲಿ ಅರ್ಧಚಂದ್ರಾಕಾರದ ಪೊರೆಯೊಂದು ಮೂಡುತ್ತದೆ. ಅದು ಬೆಳೆಯುತ್ತ ಬಾಗುತ್ತ ಕಸವನ್ನು ಸುತ್ತುವರಿದು ಬಾಯಿ ಮುಚ್ಚಿಕೊಳ್ಳುತ್ತದೆ. ಹೀಗೆ ಆದ ಚೀಲಕ್ಕೆ ಎರಡು ಪದರದ ಗೋಡೆ ಇರುತ್ತದೆ. ಇದು ಚೀಲ ಕಟ್ಟುವ ಹಂತ. ಬಳಿಕ ಆ ಚೀಲ ಲೈಸೋಸೋಮಿನತ್ತ ಸಾಗಿ ಅದರೊಡನೆ ಬೆಸೆದುಕೊಳ್ಳುತ್ತದೆ, ಒಳಗಿನದೆಲ್ಲ ಕರಗುತ್ತದೆ. ಇದು ಚೀಲ ಸುರಿಯುವ ಹಂತ. ಕಟ್ಟುವುದು ಒಂದು, ಸುರಿಯುವುದು ಇನ್ನೊಂದು. ವೈರಸ್ಸುಗಳ ಕುಯುಕ್ತಿಯೆಲ್ಲ ಇರುವುದು ಈ ಎರಡರ ನಡುವಿನ ಸಂದಿಯಲ್ಲಿ.

ಹಸಿದ ಯೀಸ್ಟ್ ಹೇಳಿದ್ದು

ಹೆಸರಿಟ್ಟ ಮೇಲೂ ಮೂವತ್ತು ವರ್ಷ ಈ ವಿದ್ಯಮಾನ ಮೂಲೆಯಲ್ಲೇ ಉಳಿದಿತ್ತು. ಯಾವ ವಂಶವಾಹಿಗಳು ಇದನ್ನು ನಡೆಸುತ್ತವೆ ಎಂಬುದೇ ಗೊತ್ತಿರಲಿಲ್ಲ. ಜಪಾನಿನ ಯೋಶಿನೊರಿ ಓಸುಮಿ 1988ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಸ್ವಂತ ಪ್ರಯೋಗಾಲಯ ಆರಂಭಿಸಿದಾಗ ಹೆಚ್ಚು ಜನ ತುಳಿಯದ ಹಾದಿಯನ್ನೇ ಆರಿಸಿಕೊಂಡರು. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟೇ ಅವರ ಪ್ರಯೋಗಪಶು. ಯೀಸ್ಟಿನಲ್ಲಿ ಲೈಸೋಸೋಮಿನ ಕೆಲಸವನ್ನು ಮಾಡುವ ದೊಡ್ಡ ಕುಹರವೊಂದಿದೆ. ಅದರಲ್ಲಿ ಅರಗಿಸುವ ಕಿಣ್ವಗಳೇ ಇಲ್ಲದ ತಳಿಯನ್ನು ತೆಗೆದುಕೊಂಡು ಓಸುಮಿ ಅದನ್ನು ಉಪವಾಸ ಕೆಡವಿದರು. ಹಸಿದ ಯೀಸ್ಟ್ ತನ್ನ ಭಾಗಗಳನ್ನೇ ಚೀಲಗಳಲ್ಲಿ ತುಂಬಿ ಕುಹರಕ್ಕೆ ಸುರಿಯಿತು. ಆದರೆ ಅಲ್ಲಿ ಅರಗಿಸುವವರಿಲ್ಲ. ಕೆಲವೇ ಗಂಟೆಗಳಲ್ಲಿ ಕುಹರದ ತುಂಬ ಚೀಲಗಳು ಕಿಕ್ಕಿರಿದು ಸಾಮಾನ್ಯ ಸೂಕ್ಷ್ಮದರ್ಶಕಕ್ಕೇ ಕಾಣಿಸಿಕೊಂಡವು.

ಈ ಫಲಿತಾಂಶ 1992ರಲ್ಲಿ ಪ್ರಕಟವಾಯಿತು. ಮರುವರ್ಷವೇ ಓಸುಮಿ ಮತ್ತು ಅವರ ವಿದ್ಯಾರ್ಥಿನಿ ಚೀಲ ಕಟ್ಟಲಾರದ 15 ವಿಕೃತ ತಳಿಗಳನ್ನು ಗುರುತಿಸಿ, ಇದಕ್ಕೆ ಬೇಕಾದ ವಂಶವಾಹಿಗಳ ಮೊದಲ ಪಟ್ಟಿಯನ್ನು ಮುಂದಿಟ್ಟರು. ಯೀಸ್ಟಿನಲ್ಲಿ ಸಿಕ್ಕ ಆ ವಂಶವಾಹಿಗಳಲ್ಲಿ ಬಹುಪಾಲಿನ ಬಂಧುಗಳು ಮನುಷ್ಯನಲ್ಲೂ ಇವೆಯೆಂದು ಆಮೇಲೆ ತಿಳಿಯಿತು. 2016ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಓಸುಮಿ ಒಬ್ಬರಿಗೇ ಸಂದಿತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ರವಿ ಮಂಜಿತ್ತಾಯ ಅವರ ತಂಡ ಇದೇ ಯೀಸ್ಟನ್ನು ಹಿಡಿದು ಸ್ವಭಕ್ಷಣೆಯನ್ನು ಏರಿಳಿಸುವ ರಾಸಾಯನಿಕಗಳ ಹುಡುಕಾಟ ನಡೆಸಿದೆ.

ಈ ವ್ಯವಸ್ಥೆ ಎಷ್ಟು ಮುಖ್ಯವಾದದ್ದೆಂದು ಜಪಾನಿನ ಇನ್ನೊಂದು ಪ್ರಯೋಗ 2004ರಲ್ಲಿ ತೋರಿಸಿತು. ಚೀಲ ಕಟ್ಟಲು ಬೇಕಾದ ಒಂದು ವಂಶವಾಹಿಯನ್ನು ಕಿತ್ತುಹಾಕಿದ ಇಲಿಮರಿಗಳು ಹುಟ್ಟುವಾಗ ಹೆಚ್ಚುಕಡಿಮೆ ಸರಿಯಾಗಿಯೇ ಇದ್ದವು. ಆದರೆ ಒಂದು ದಿನದೊಳಗೆ ಸತ್ತವು. ಹೊಕ್ಕುಳಬಳ್ಳಿ ಕಡಿದ ಗಳಿಗೆಯಿಂದ ತಾಯ ಹಾಲು ಚೆನ್ನಾಗಿ ಸಿಗುವವರೆಗಿನ ಬರಗಾಲವನ್ನು ಎಳೆಮರಿ ದಾಟುವುದು ತನ್ನದೇ ಗುಜರಿಯ ಉಳಿತಾಯದಿಂದ.

ಕಾವಲುಗಾರ ಬೆಕ್ಲಿನ್

ವೈರಸ್ಸಿಗೂ ಈ ಗುಜರಿಗೂ ಇರುವ ನಂಟನ್ನು ಬಿಚ್ಚಿದವರಲ್ಲಿ ಅಮೆರಿಕದ ವೈದ್ಯ ವಿಜ್ಞಾನಿ ಬೆತ್ ಲೆವಿನ್ ಅವರ ಹೆಸರು ಮೊದಲು ಬರುತ್ತದೆ. ಅವರು ಅಭ್ಯಾಸ ಮಾಡುತ್ತಿದ್ದುದು ಸಿಂಡ್‌ಬಿಸ್ ಎಂಬ ವೈರಸ್ಸನ್ನು. ಈಜಿಪ್ಟಿನ ಹಳ್ಳಿಯೊಂದರ ಹೆಸರು ಹೊತ್ತ ಇದು ಸೊಳ್ಳೆಯಿಂದ ಹರಡುವ, ಚಿಕೂನ್‌ಗುನ್ಯದ ದಾಯಾದಿಯಾದ ವೈರಸ್ಸು. ಇಲಿಯ ಮಿದುಳಿಗೆ ಇದು ಹೊಕ್ಕಾಗ ನರಕೋಶಗಳನ್ನು ಸಾವಿನಿಂದ ಕಾಪಾಡುವ ಬಿಸಿಎಲ್-2 ಎಂಬ ಪ್ರೋಟೀನಿನ ಜತೆಗಾರರು ಯಾರೆಂದು ಹುಡುಕುತ್ತಿದ್ದಾಗ ಹೊಸದೊಂದು ಪ್ರೋಟೀನು ಸಿಕ್ಕಿತು. ಅದಕ್ಕೆ ಬೆಕ್ಲಿನ್ ಎಂದು ಹೆಸರಿಟ್ಟರು. ಬೆಕ್ಲಿನ್ನಿನ ವಂಶವಾಹಿಯನ್ನು ಹೊತ್ತ ಸಿಂಡ್‌ಬಿಸ್ ವೈರಸ್ಸನ್ನು ಇಲಿಗಳಿಗೆ ಚುಚ್ಚಿದಾಗ ಮಿದುಳಿನಲ್ಲಿ ವೈರಸ್ಸಿನ ಸಂಖ್ಯೆ ತಗ್ಗಿತು, ಸಾಯುವ ನರಕೋಶಗಳೂ ಕಡಿಮೆಯಾದವು. 1998ರಲ್ಲಿ ಪ್ರಕಟವಾದ ಸಂಗತಿ ಇದು.

ಈ ಬೆಕ್ಲಿನ್ ಮಾಡುವ ಕೆಲಸವೇನು? ಉತ್ತರ ಮರುವರ್ಷ ದೊರೆಯಿತು. ಓಸುಮಿಯವರ ಪಟ್ಟಿಯಲ್ಲಿದ್ದ ಆರನೆಯ ವಂಶವಾಹಿಯ ಮಾನವ ಬಂಧು ಅದು! ಆ ವಂಶವಾಹಿಯನ್ನು ಕಳೆದುಕೊಂಡ ಯೀಸ್ಟಿಗೆ ಮನುಷ್ಯನ ಬೆಕ್ಲಿನ್ ಕೊಟ್ಟರೆ ಅದು ಮತ್ತೆ ಚೀಲ ಕಟ್ಟತೊಡಗಿತು. ಅಂದರೆ ಇಲಿಯ ಮಿದುಳನ್ನು ವೈರಸ್ಸಿನಿಂದ ಕಾಪಾಡಿದ್ದ ಪ್ರೋಟೀನು ಗುಜರಿಯ ಕೆಲಸಗಾರನೇ ಆಗಿತ್ತು.

ಕೋಶದ ಕೈಯಲ್ಲಿ ಇಂಥ ಆಯುಧವಿದ್ದ ಮೇಲೆ ಎದುರಾಳಿ ಸುಮ್ಮನೆ ಕುಳಿತಾನೆಯೇ? ಚಾಪೆಯ ಕೆಳಗೆ ತೂರುವವನಿಗೆ ರಂಗೋಲಿಯ ಕೆಳಗೆ ತೂರುವವನು ಇದ್ದೇ ಇರುತ್ತಾನೆ. ತುಟಿಯ ಅಂಚಿನಲ್ಲಿ ನೀರುಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸು ಅಂಥದು. ಅದು ಜೀವಮಾನವಿಡೀ ನರಕೋಶಗಳಲ್ಲಿ ಅಡಗಿರಬಲ್ಲದು. ಅಪರೂಪಕ್ಕೆ ಮಿದುಳಿಗೇರಿದರೆ ಪ್ರಾಣಾಂತಕ. ಈ ವೈರಸ್ಸು ತಯಾರಿಸುವ ಐಸಿಪಿ 34.5 ಎಂಬ ಪ್ರೋಟೀನು ನೇರವಾಗಿ ಹೋಗಿ ಬೆಕ್ಲಿನ್ನನ್ನೇ ಅಪ್ಪಿ ಹಿಡಿದು ಕೆಲಸ ಕೆಡಿಸುತ್ತದೆಂದು 2007ರಲ್ಲಿ ಲೆವಿನ್ ತಂಡ ತೋರಿಸಿತು. ಬೆಕ್ಲಿನ್ನನ್ನು ಹಿಡಿಯುವ ಆ ತುಣುಕನ್ನಷ್ಟೇ ಕತ್ತರಿಸಿ ತೆಗೆದ ಹರ್ಪಿಸ್ ವೈರಸ್ಸು ಇಲಿಯ ಮಿದುಳಿನಲ್ಲಿ ಮಾರಕ ಉರಿಯೂತ ಉಂಟುಮಾಡಲಾರದೆ ಸೋತಿತು. ಲೆವಿನ್ 2020ರಲ್ಲಿ ತೀರಿಕೊಂಡರು. ಅವರು ಹಾಕಿಕೊಟ್ಟ ಈ ಪಾಠ ಇಂದಿಗೂ ಈ ಕ್ಷೇತ್ರದ ಮೊದಲ ಪಾಠ: ಸ್ವಭಕ್ಷಣೆ ಕೋಶದ ಬಹು ಹಳೆಯ ರಕ್ಷಣೆ, ಅದನ್ನು ಮುರಿಯಬಲ್ಲ ವೈರಸ್ಸಿಗೆ ಮಾತ್ರ ಕೆಲವೆಡೆ ಪ್ರವೇಶ.

ಬೇಲಿಯೇ ಹೊಲ ಮೇಯ್ದಾಗ

ಮೊದಲ ಪಾಠವಷ್ಟೇ ಇದ್ದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಪೋಲಿಯೊ ವೈರಸ್ಸಿನ ನಡತೆ ಬೇರೆ. 1965ರಷ್ಟು ಹಿಂದೆಯೇ ನ್ಯೂಯಾರ್ಕಿನಲ್ಲಿ ಜಾರ್ಜ್ ಪಲಾಡೆ ಮತ್ತು ಸಂಗಡಿಗರು ಪೋಲಿಯೊ ತಗುಲಿದ ಕೋಶಗಳನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಅವುಗಳ ತುಂಬ ಪೊರೆಚೀಲಗಳು ಕಿಕ್ಕಿರಿದಿರುವುದನ್ನೂ ಅವು ಸ್ವಭಕ್ಷಣೆಯ ಚೀಲಗಳನ್ನು ಹೋಲುವುದನ್ನೂ ದಾಖಲಿಸಿದ್ದರು. ಇದೇ ಪಲಾಡೆ ಮತ್ತು ಡಿ ಡೂವ್ 1974ರಲ್ಲಿ ಆಲ್ಬರ್ಟ್ ಕ್ಲಾಡ್ ಅವರೊಂದಿಗೆ ನೊಬೆಲ್ ಹಂಚಿಕೊಂಡರು. ಆದರೆ ಪೋಲಿಯೊ ಚೀಲಗಳ ಗೂಢಾರ್ಥ ಬಿಡಿಸಲು ಇನ್ನೂ ಮೂರು ದಶಕ ಬೇಕಾಯಿತು.

ಸ್ಟ್ಯಾನ್‌ಫರ್ಡಿನ ಕಾರ್ಲಾ ಕಿರ್ಕೆಗಾರ್ಡ್ ಅವರ ತಂಡ 2005ರಲ್ಲಿ ಚೀಲ ಕಟ್ಟುವ ಪ್ರೋಟೀನುಗಳನ್ನು ಕೋಶದಲ್ಲಿ ತಗ್ಗಿಸಿ ನೋಡಿತು. ಸ್ವಭಕ್ಷಣೆ ರಕ್ಷಣೆಯಾಗಿದ್ದರೆ ವೈರಸ್ಸು ಹೆಚ್ಚಬೇಕಿತ್ತು. ಆದದ್ದು ತದ್ವಿರುದ್ಧ, ವೈರಸ್ಸಿನ ಇಳುವರಿ ಇಳಿಯಿತು. ಸ್ವಭಕ್ಷಣೆಯನ್ನು ಪ್ರಚೋದಿಸಿದಾಗ ಇಳುವರಿ ಏರಿತು. ಪೋಲಿಯೊ ವೈರಸ್ಸು ಈ ಚೀಲಗಳನ್ನು ಬೇಕೆಂದೇ ಕಟ್ಟಿಸಿಕೊಳ್ಳುತ್ತದೆ. ಚೀಲದೊಳಗಿನ ಆಮ್ಲ ಕೂಡ ಹೊಸ ವೈರಸ್ ಕಣಗಳು ಪಕ್ವವಾಗಲು ನೆರವಾಗುತ್ತದೆಂದು 2012ರಲ್ಲಿ ಗೊತ್ತಾಯಿತು. ಕಸ ಕರಗಿಸಲು ಇಟ್ಟ ಹುಳಿಯಲ್ಲಿ ಕಳ್ಳ ತನ್ನ ಉಪ್ಪಿನಕಾಯಿ ಹಾಕಿಕೊಂಡಂತಾಯಿತು!

ಅಷ್ಟಕ್ಕೇ ಮುಗಿಯಲಿಲ್ಲ. ಪೋಲಿಯೊ ವೈರಸ್ಸು ಕೋಶವನ್ನು ಒಡೆದೇ ಹೊರಬರುತ್ತದೆ ಎಂದು ದಶಕಗಳ ಕಾಲ ಪಾಠ ಹೇಳಲಾಗಿತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನಿಹಾಲ್ ಆಲ್ಟನ್‌ಬಾನೆಟ್ ಅವರ ತಂಡ 2015ರಲ್ಲಿ ಬೇರೊಂದು ದಾರಿಯನ್ನು ತೋರಿಸಿತು. ಸ್ವಭಕ್ಷಣೆಯ ಚೀಲಗಳಂತಹ ಪೊರೆಗಳಲ್ಲಿ ಹತ್ತಾರು ವೈರಸ್ ಕಣಗಳು ಗುಂಪಾಗಿ ಕುಳಿತು, ಕೋಶ ಒಡೆಯುವ ಮುನ್ನವೇ, ಇಡೀ ಚೀಲದ ಸಮೇತ ಹೊರಬಿದ್ದು ಮುಂದಿನ ಕೋಶಕ್ಕೆ ಹೋಗುತ್ತವೆ. ಒಂಟಿಯಾಗಿ ನಡೆದು ಹೋಗುವ ಬದಲು ದಿಬ್ಬಣದ ಬಸ್ಸಿನಲ್ಲಿ ಹೋದಂತೆ. ಒಟ್ಟಿಗೆ ಹೋದ ಗುಂಪು ಹೊಸ ಕೋಶದಲ್ಲಿ ಬೇಗ ಬೇರು ಬಿಡುತ್ತದೆ.

ಡೆಂಗಿ ವೈರಸ್ಸಿಗೆ ಈ ಗುಜರಿಯಿಂದ ಬೇಕಾದದ್ದು ಸೌದೆ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿದ ಅದೇ ಡೆಂಗಿ ಇದು. ಮನುಷ್ಯನ ಕೋಶಗಳಲ್ಲಿ ಕಷ್ಟಕಾಲಕ್ಕೆಂದು ಕೂಡಿಟ್ಟ ಕೊಬ್ಬಿನ ಹನಿಗಳಿರುತ್ತವೆ. ಡೆಂಗಿ ವೈರಸ್ಸು ಸ್ವಭಕ್ಷಣೆಯನ್ನು ಕೆರಳಿಸಿ ಈ ಹನಿಗಳನ್ನು ಕೊಪ್ಪರಿಗೆಗೆ ಸುರಿಸುತ್ತದೆ. ಬಿಡುಗಡೆಯಾದ ಕೊಬ್ಬಿನಾಮ್ಲಗಳನ್ನು ಮೈಟೊಕಾಂಡ್ರಿಯಗಳು ಉರಿಸಿ ಶಕ್ತಿ ಉತ್ಪಾದಿಸುತ್ತವೆ. ಆ ಶಕ್ತಿ ವೈರಸ್ಸಿನ ಸಂತಾನವೃದ್ಧಿಗೆ ವಿನಿಯೋಗವಾಗುತ್ತದೆ. ಶಿಕಾಗೊ ವಿಶ್ವವಿದ್ಯಾಲಯದ ನಿಕೊಲಸ್ ಹೀಟನ್ ಮತ್ತು ಗ್ಲೆನ್ ರ‍್ಯಾಂಡಲ್ 2010ರಲ್ಲಿ ಇದನ್ನು ಸಾಬೀತುಪಡಿಸಿದ ಬಗೆ ಸೊಗಸಾಗಿದೆ. ಸ್ವಭಕ್ಷಣೆಯನ್ನು ತಡೆದಾಗ ವೈರಸ್ಸು ಸೊರಗಿತು. ಅದೇ ಸ್ಥಿತಿಯಲ್ಲಿ ಹೊರಗಿನಿಂದ ಕೊಬ್ಬಿನಾಮ್ಲ ಹನಿಸಿದಾಗ ಮತ್ತೆ ಚೇತರಿಸಿಕೊಂಡಿತು. ಗುಜರಿಯಿಂದ ಅದಕ್ಕೆ ಬೇಕಾಗಿದ್ದುದು ಆ ಇಂಧನವೇ ಎಂಬುದು ಖಚಿತವಾಯಿತು.

ಇಬ್ಬರು ಕೆಲಸಗಾರರ ಇಬ್ಬಗೆ

ಚಿಕೂನ್‌ಗುನ್ಯವನ್ನು ಕನ್ನಡ ನಾಡಿಗೆ ಪರಿಚಯಿಸಬೇಕಾಗಿಲ್ಲ. 2006ರಲ್ಲಿ ದೇಶದಲ್ಲಿ ದಾಖಲಾದ ಸುಮಾರು 13 ಲಕ್ಷ 90 ಸಾವಿರ ಶಂಕಿತ ಪ್ರಕರಣಗಳಲ್ಲಿ ಏಳೂವರೆ ಲಕ್ಷ, ಅಂದರೆ ಅರ್ಧಕ್ಕಿಂತ ಹೆಚ್ಚು, ಕರ್ನಾಟಕದವು. ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಕೀಲು ಹಿಡಿದು, ಗೋಡೆ ಹಿಡಿದು ನಡೆದವರು ಊರೂರಲ್ಲೂ ಇದ್ದರು. ಆ ವೈರಸ್ಸು ಕೋಶದ ಗುಜರಿಯೊಡನೆ ಹೇಗೆ ವರ್ತಿಸುತ್ತದೆ ಎಂಬುದನ್ನು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಸಂಶೋಧಕರು 2013ರಲ್ಲಿ ವಿವರಿಸಿದರು.

ಕಸವನ್ನು ಗುರುತಿಸಿ ಚೀಲಕ್ಕೆ ಎತ್ತಿಹಾಕುವ ಕೂಲಿಗಳಂಥ ಪ್ರೋಟೀನುಗಳು ಕೋಶದಲ್ಲಿವೆ. ಅವುಗಳಲ್ಲಿ ಪಿ-62 ಎಂಬುದು ಚಿಕೂನ್‌ಗುನ್ಯ ವೈರಸ್ಸಿನ ಹೊದಿಕೆಯ ಪ್ರೋಟೀನನ್ನು ಹಿಡಿದು ಚೀಲಕ್ಕೆ ತಳ್ಳುತ್ತದೆ; ಕೋಶವನ್ನು ಕಾಪಾಡುತ್ತದೆ. ಎನ್‌ಡಿಪಿ-52 ಎಂಬ ಇನ್ನೊಂದು ಕೂಲಿ ವೈರಸ್ಸಿನ ಬೇರೊಂದು ಪ್ರೋಟೀನಿಗೆ ಅಂಟಿಕೊಂಡು ಅದರ ಸಂತಾನವೃದ್ಧಿಗೆ ನೆರವಾಗುತ್ತದೆ! ಒಂದೇ ಅಂಗಡಿ, ಇಬ್ಬರು ಆಳುಗಳು. ಒಬ್ಬ ಮನೆಯೊಡೆಯನ ಕಡೆ, ಇನ್ನೊಬ್ಬ ತನಗರಿವಿಲ್ಲದೆಯೇ ಕಳ್ಳನ ಕಡೆ. ಇದಕ್ಕಿಂತ ಕುತೂಹಲದ ಸಂಗತಿ ಇನ್ನೊಂದಿದೆ. ಇಲಿಯಲ್ಲಿರುವ ಎನ್‌ಡಿಪಿ-52 ಹೀಗೆ ವೈರಸ್ಸಿಗೆ ಅಂಟಿಕೊಳ್ಳುವುದಿಲ್ಲ. ಇಲಿಯ ಮೇಲಿನ ಪ್ರಯೋಗವನ್ನಷ್ಟೇ ನಂಬಿದವರು ಸ್ವಭಕ್ಷಣೆ ಚಿಕೂನ್‌ಗುನ್ಯದ ಶತ್ರು ಎಂದುಬಿಡುತ್ತಿದ್ದರು. ಮನುಷ್ಯನಲ್ಲಿ ಅದು ಶತ್ರುವೂ ಹೌದು, ಮಿತ್ರನೂ ಹೌದು.

ಕೊನೆಯ ಬಾಗಿಲಿಗೆ ಬೀಗ

ಚೀಲ ಕಟ್ಟುವುದು ಬೇಕು, ಸುರಿಯುವುದು ಬೇಡ. ಅನೇಕ ವೈರಸ್ಸುಗಳ ನೀತಿ ಇದು. ಫ್ಲೂ ವೈರಸ್ಸಿನ ಎಂ-2 ಎಂಬ ಪ್ರೋಟೀನು ಚೀಲಗಳು ಲೈಸೋಸೋಮಿನೊಡನೆ ಬೆಸೆಯದಂತೆ ತಡೆಯುತ್ತದೆಂದು 2009ರಲ್ಲಿ ತಿಳಿಯಿತು. ಅದೇ ವರ್ಷ ಏಡ್ಸ್ ವೈರಸ್ಸಿನ ಗುಟ್ಟೂ ಹೊರಬಿತ್ತು. ಅದು ಸ್ವಭಕ್ಷಣೆಯ ಮೊದಲ ಹಂತದಿಂದ ತನ್ನ ಕಣಗಳನ್ನು ಸಿದ್ಧಪಡಿಸಿಕೊಳ್ಳಲು ಲಾಭ ಪಡೆಯುತ್ತದೆ. ಕೊನೆಯ ಹಂತ ಬಂದಾಗ ನೆಫ್ ಎಂಬ ತನ್ನ ಪ್ರೋಟೀನನ್ನು ಮುಂದೆ ಬಿಟ್ಟು ಕೊಪ್ಪರಿಗೆಯ ದಾರಿಯನ್ನು ಮುಚ್ಚಿಸುತ್ತದೆ.

ಕೋವಿಡ್ ತಂದ ಕೊರೊನಾ ವೈರಸ್ಸೂ ಇದೇ ಗರಡಿಯಲ್ಲಿ ಪಳಗಿದ್ದು. ಚೀಲವನ್ನು ಲೈಸೋಸೋಮಿಗೆ ಬೆಸೆಯಲು ಕೊಂಡಿಯಂತೆ ಕೆಲಸ ಮಾಡುವ ಪ್ರೋಟೀನುಗಳ ಗುಂಪೊಂದಿದೆ. ವೈರಸ್ಸಿನ ಓಆರ್‌ಎಫ್-3ಎ ಎಂಬ ಪ್ರೋಟೀನು ಆ ಗುಂಪಿನ ಒಬ್ಬ ಸದಸ್ಯನನ್ನು ಹಿಡಿದಿಟ್ಟು ಕೊಂಡಿ ಕಳಚುತ್ತದೆಂದು ಬೀಜಿಂಗಿನ ಹಾಂಗ್ ಝಾಂಗ್ ಅವರ ತಂಡ 2021ರಲ್ಲಿ ವರದಿ ಮಾಡಿತು. 2003ರಲ್ಲಿ ಕಾಡಿದ್ದ ಸಾರ್ಸ್ ವೈರಸ್ಸಿನಲ್ಲೂ ಇದೇ ಹೆಸರಿನ ಪ್ರೋಟೀನು ಇದೆ. ಆದರೆ ಅದಕ್ಕೆ ಈ ಕಲೆ ಇಲ್ಲ. ಇದಕ್ಕೆ ಮೊದಲು, 2020ರಲ್ಲಿ, ಆಲ್ಟನ್‌ಬಾನೆಟ್ ತಂಡ ಇನ್ನೊಂದು ಬೆರಗನ್ನು ಕಂಡಿತ್ತು. ಹೊಸ ಕೊರೊನಾ ಕಣಗಳು ಕೋಶದಿಂದ ಹೊರಬೀಳುವ ಹಾದಿಯೇ ಲೈಸೋಸೋಮು! ಸೋಂಕಿದ ಕೋಶಗಳಲ್ಲಿ ಕೊಪ್ಪರಿಗೆಗಳ ಆಮ್ಲ ಇಳಿದು ಕಿಣ್ವಗಳು ಮಂಕಾಗಿದ್ದವು. ಕರಗಿಸಬೇಕಾದ ಕೊಪ್ಪರಿಗೆಯೇ ದೋಣಿಯಾಗಿ ವೈರಸ್ಸನ್ನು ದಡ ಮುಟ್ಟಿಸುತ್ತಿತ್ತು.

ಒಂದು ಮಾತ್ರೆಯ ಪಾಠ

ಈ ಎಲ್ಲ ಸೂಕ್ಷ್ಮಗಳು ಪ್ರಯೋಗಾಲಯದ ಕುತೂಹಲಗಳಷ್ಟೇ ಅಲ್ಲ ಎಂಬುದನ್ನು 2020ರ ವರ್ಷ ಕಲಿಸಿತು. ಮಲೇರಿಯಕ್ಕೆಂದು ಬಂದ ಕ್ಲೋರೊಕ್ವಿನ್ ಮತ್ತು ಅದರ ತಮ್ಮನಾದ ಹೈಡ್ರಾಕ್ಸಿಕ್ಲೋರೊಕ್ವಿನ್ ಲೈಸೋಸೋಮಿನಲ್ಲೂ ಅದರಂಥ ಇತರ ಆಮ್ಲೀಯ ಚೀಲಗಳಲ್ಲೂ ಸೇರಿಕೊಂಡು ಆಮ್ಲವನ್ನು ತಗ್ಗಿಸುತ್ತವೆ. ಸ್ವಭಕ್ಷಣೆಯನ್ನು ತಡೆಯಬೇಕಾದಾಗ ಪ್ರಯೋಗಾಲಯಗಳಲ್ಲಿ ಬಳಸುವುದು ಇವನ್ನೇ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮಂಗನ ಮೂತ್ರಪಿಂಡದ ಕೋಶಗಳಲ್ಲಿ ಇವು ಕೊರೊನಾ ವೈರಸ್ಸನ್ನು ತಡೆದವು. ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ಮಾರ್ಚ್ ತಿಂಗಳಲ್ಲಿ ಅಮೆರಿಕ ತುರ್ತು ಬಳಕೆಗೆ ಅನುಮತಿ ನೀಡಿತು; ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆರೋಗ್ಯ ಕಾರ್ಯಕರ್ತರಿಗೆ ಮುಂಜಾಗ್ರತೆಯಾಗಿ ಇದನ್ನು ಸೂಚಿಸಿತು. ಸಂಧಿವಾತ, ಲೂಪಸ್ ರೋಗಗಳಿಗಾಗಿ ದಿನವೂ ಅದೇ ಮಾತ್ರೆ ನುಂಗುತ್ತಿದ್ದವರು ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾಯಿತು.

ಫಲಿತಾಂಶ ನಿರಾಶಾದಾಯಕವಾಗಿತ್ತು. ಬ್ರಿಟನ್ನಿನ ರಿಕವರಿ ಪರೀಕ್ಷೆಯಲ್ಲಿ ಮಾತ್ರೆ ಪಡೆದ 1,561 ಆಸ್ಪತ್ರೆ ರೋಗಿಗಳಲ್ಲಿ 28 ದಿನಗಳೊಳಗೆ ಶೇ 27ರಷ್ಟು ಮಂದಿ ತೀರಿಕೊಂಡರೆ, ಪಡೆಯದ 3,155 ರೋಗಿಗಳಲ್ಲಿ ತೀರಿಕೊಂಡವರು ಶೇ 25. ಜೂನ್ ತಿಂಗಳಲ್ಲೇ ಅಮೆರಿಕ ತನ್ನ ಅನುಮತಿಯನ್ನು ಹಿಂತೆಗೆದುಕೊಂಡಿತು. ಕಾರಣವನ್ನು ಜರ್ಮನಿಯ ಸಂಶೋಧಕರು ಅದೇ ವರ್ಷ ಬಿಡಿಸಿ ಹೇಳಿದರು. ಮಂಗನ ಮೂತ್ರಪಿಂಡದ ಕೋಶಕ್ಕೆ ವೈರಸ್ಸು ಹೊಗುವುದು ಆಮ್ಲೀಯ ಚೀಲಗಳ ಮೂಲಕ. ಆದರೆ ಮನುಷ್ಯನ ಶ್ವಾಸಕೋಶದ ಕೋಶಗಳಲ್ಲಿ ಹೊರಮೈಯ ಕಿಣ್ವವೊಂದು ಅದಕ್ಕೆ ನೇರ ಬಾಗಿಲು ತೆರೆಯುತ್ತದೆ. ಹಿತ್ತಿಲ ಬಾಗಿಲಿಗೆ ಬೀಗ ಜಡಿದು ಕಾದು ಕುಳಿತರೆ, ಬರುವವನು ಮುಂಬಾಗಿಲಿನಿಂದ ಬಂದಿದ್ದ.

ಇದರ ವಿರುದ್ಧ ದಿಕ್ಕಿನ ಉತ್ಸಾಹವೂ ಇದೆ. ಓಸುಮಿಯವರಿಗೆ ನೊಬೆಲ್ ಬಂದಂದಿನಿಂದ, ಉಪವಾಸ ಮಾಡಿದರೆ ಸ್ವಭಕ್ಷಣೆ ಚುರುಕಾಗಿ ರೋಗಗಳೆಲ್ಲ ಓಡುತ್ತವೆ, ಏಕಾದಶಿಯ ಮಹಿಮೆಗೆ ನೊಬೆಲ್ ಮುದ್ರೆ ಬಿತ್ತು ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹಾರಾಡುತ್ತಿವೆ. ಹಸಿವು ಸ್ವಭಕ್ಷಣೆಯನ್ನು ಕೆರಳಿಸುತ್ತದೆ ಎಂಬುದು ನಿಜ. ಆದರೆ ಓಸುಮಿ ಉಪವಾಸ ಕೆಡವಿದ್ದು ಯೀಸ್ಟನ್ನು. ಪ್ರಶಸ್ತಿ ಬಂದದ್ದು ವಂಶವಾಹಿಗಳ ಶೋಧಕ್ಕೆ, ಯಾವುದೇ ಪಥ್ಯಕ್ಕಲ್ಲ. ಹರ್ಪಿಸ್ ಹೆದರುವ ಸ್ವಭಕ್ಷಣೆಯನ್ನೇ ಡೆಂಗಿ ಬಯಸಿ ಬಯಸಿ ಕರೆಯುತ್ತದೆ ಎಂಬುದನ್ನು ಈ ಸಂದೇಶಗಳು ಹೇಳುವುದಿಲ್ಲ. ಡೆಂಗಿ ಜ್ವರದಲ್ಲಿ ಮಲಗಿದವನಿಗೆ ವೈದ್ಯರು ಹೇಳುವುದು ನೀರು, ಗಂಜಿ, ವಿಶ್ರಾಂತಿ ಮತ್ತು ನಿಗಾ. ಅದನ್ನು ಬಿಟ್ಟು ಉಪವಾಸಕ್ಕೆ ಕೂರುವುದು ಅಪಾಯದ ಆಟ.

ಮುಳ್ಳಿನಿಂದ ಮುಳ್ಳು

ಹಾಗಾದರೆ ಈ ತಿಳಿವಳಿಕೆಯಿಂದ ಪ್ರಯೋಜನವೇ ಇಲ್ಲವೆ? ಇದೆ. ಅದು ಬಂದದ್ದು ನಿರೀಕ್ಷಿಸದ ಕಡೆಯಿಂದ. ಹರ್ಪಿಸ್ ವೈರಸ್ಸಿನ ಐಸಿಪಿ 34.5 ಮತ್ತೆ ನೆನಪಾಗಬೇಕು. ಬೆಕ್ಲಿನ್ನನ್ನು ಕಟ್ಟಿಹಾಕುವುದು ಅದರ ಕೆಲಸಗಳಲ್ಲಿ ಒಂದು. ಕೋಶದ ಇತರ ರಕ್ಷಣೆಗಳನ್ನು ಮುರಿಯುವುದು ಇನ್ನೊಂದು. ಈ ಪ್ರೋಟೀನಿನ ವಂಶವಾಹಿಯನ್ನು ಪೂರ್ತಿ ಕಿತ್ತರೆ ವೈರಸ್ಸು ಆರೋಗ್ಯವಂತ ನರಕೋಶದಲ್ಲಿ ಬೆಳೆಯಲಾರದು. ಆದರೆ ರಕ್ಷಣೆಯೇ ಕೆಟ್ಟಿರುವ ಅನೇಕ ಕ್ಯಾನ್ಸರ್ ಕೋಶಗಳಲ್ಲಿ ಬೆಳೆಯಬಲ್ಲದು, ಅವನ್ನು ಒಡೆಯಬಲ್ಲದು. ಹೀಗೆ ಹಲ್ಲು ಕಿತ್ತ ಹರ್ಪಿಸ್ ವೈರಸ್ಸಿಗೆ ರೋಗನಿರೋಧ ಕೋಶಗಳನ್ನು ಕರೆಯುವ ಒಂದು ಮಾನವ ವಂಶವಾಹಿಯನ್ನೂ ಸೇರಿಸಿ, ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಗಂಟುಗಳಿಗೆ ಚುಚ್ಚುವ ಔಷಧವನ್ನು ರೂಪಿಸಲಾಯಿತು. 2015ರ ಅಕ್ಟೋಬರಿನಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ನೀಡಿತು.

436 ರೋಗಿಗಳ ಪರೀಕ್ಷೆಯಲ್ಲಿ ಈ ವೈರಸ್ ಪಡೆದವರ ಪೈಕಿ ಶೇ 16.3 ಮಂದಿಯ ಗಂಟುಗಳು ಕುಗ್ಗಿ ಬಹುಕಾಲ ಹಾಗೆಯೇ ಉಳಿದವು. ಹೋಲಿಕೆಗೆಂದು ಬೇರೆ ಮದ್ದು ಪಡೆದವರಲ್ಲಿ ಆ ಪ್ರಮಾಣ ಶೇ 2.1. ಇದು ಸಂಜೀವಿನಿ ಅಲ್ಲ. ಸೂಜಿ ಮುಟ್ಟಬಹುದಾದ ಗಂಟುಗಳಿಗಷ್ಟೇ ಇದರ ಉಪಯೋಗ. ಆದರೆ ಯಾವ ಕೋಶ, ಯಾವ ಪ್ರೋಟೀನು, ಯಾವ ಹಂತ ಎಂಬುದನ್ನು ಸರಿಯಾಗಿ ಹಿಡಿದಾಗ ಏನು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ. ಅದೇ ಪ್ರಶ್ನೆಗಳನ್ನು ಕೇಳದೆ ಮಾತ್ರೆ ಹಂಚಿದಾಗ ಏನಾಯಿತೆಂಬುದೂ ಜನರ ಕಣ್ಣ ಮುಂದೆಯೇ ಇದೆ.

ಗುಜರಿಯವನು ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಅವನು ತನ್ನ ಕಸುಬು ಮಾಡುತ್ತಾನೆ. ಹಗಲಿರುಳು ನಡೆಯುವ ಆ ಕಸುಬಿನಿಂದಲೇ ದಿನದ ಎಪ್ಪತ್ತು ಗ್ರಾಂ ಆದಾಯದಲ್ಲಿ ಮುನ್ನೂರು ಗ್ರಾಂ ಖರ್ಚಿನ ಸಂಸಾರ ನಡೆಯುತ್ತದೆ. ಬಂದ ಕಳ್ಳ ಯಾವ ಜಾತಿಯವನು, ಈಗ ಚೀಲದ ಹೊರಗಿದ್ದಾನೆಯೋ ಒಳಗಿದ್ದಾನೆಯೋ ಎಂದು ತಿಳಿದ ಮೇಲಷ್ಟೇ ಆ ಅಂಗಡಿಯ ಬಾಗಿಲನ್ನು ತೆರೆಯಬೇಕೋ ಮುಚ್ಚಬೇಕೋ ಎಂದು ಹೇಳಲು ಸಾಧ್ಯ.